ಅಳಿಯನ ಸೈಲೆನ್ಸರು, ಅಕ್ಕನ ಜರಡಿ

ಬೆಳಿಗ್ಗೆ ಏಳೂವರೆಗೆ ಅಕ್ಕನ ಫೋನು. ಮನೆಯಲ್ಲಿ ಕಳ್ಳತನವಾಗಿದೆಯಂತೆ. ಏನು ಹೋಯಿತು ಅಂದರೆ ಚಿನ್ನವಲ್ಲ, ಬೆಳ್ಳಿಯಲ್ಲ, ಜರಡಿ. "ದೊಡ್ಡ ತೂತಿಂದು ಕಣೋ, ಸ್ಟೀಲಿಂದು. ಅಕ್ಕಿಯಿಂದ ನುಚ್ಚು ಬೇರೆ ಮಾಡ್ತಿದ್ನಲ್ಲ, ಅದೇ. ದೇವರಾಜ ಮಾರ್ಕೆಟ್ ಹತ್ರ ಚೌಕಾಸಿ ಮಾಡಿ ತಗೊಂಡಿದ್ದು." ಕೆಲಸದವಳಿಂದ ಹಿಡಿದು ಪಕ್ಕದ ಮನೆಯವರ ತನಕ ಅನುಮಾನದ ಪಟ್ಟಿ ಓದುತ್ತಾ ಹೋದಳು. ನಾನು ಹೂಂ ಹೂಂ ಅನ್ನುತ್ತಿದ್ದೆ. ಜರಡಿ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಕಳ್ಳನ ಪಕ್ಕದಲ್ಲಿ ನಿಂತು ಅಳತೆ ಹಿಡಿದುಕೊಟ್ಟವನೇ ನಾನು.

ಅಕ್ಕನ ಮಗ, ಅಂದರೆ ನನ್ನ ಸೋದರಳಿಯ, ಓದಿದ್ದು ಕಂಪ್ಯೂಟರು, ಪೂಜಿಸುವುದು ಬೈಕು. ಅವನ ಕೋಣೆಯಲ್ಲಿ ದೇವರ ಪಟ ಇರಬೇಕಾದ ಜಾಗದಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅವರ ಚಿತ್ರವಿದೆ. 2015ರಲ್ಲಿ ಅರ್ಜೆಂಟೀನಾ, ಚಿಲಿ, ಬೊಲಿವಿಯಾಗಳ ಮರಳು, ಉಪ್ಪು, ಬೆಟ್ಟಗಳನ್ನೆಲ್ಲ ದಾಟಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, 36ನೇ ಸ್ಥಾನ. ನಮ್ಮ ಅಳಿಯದೇವರ ಡಕಾರ್ ನಡೆಯುವುದು ವರುಣಾ ನಾಲೆಯ ಏರಿಯ ಮಣ್ಣುದಾರಿಯಲ್ಲಿ, ಭಾನುವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ. ಎಂಟೂವರೆಗೆ ಮಸಾಲೆ ದೋಸೆ.

ಗಾಡಿ ಹೀರೋ ಎಕ್ಸ್‌ಪಲ್ಸ್. ಗಾಡಿ ಚೆನ್ನಾಗಿಯೇ ಇತ್ತು. ಚೆನ್ನಾಗಿರುವುದನ್ನು ಹಾಗೇ ಬಿಟ್ಟರೆ ಅಳಿಯ ಹೇಗಾದಾನು? ಮೂರು ತಿಂಗಳ ಸಂಬಳದಿಂದ ಉಳಿಸಿ ಹೊರಗಿನದೊಂದು ಸೈಲೆನ್ಸರು ತರಿಸಿದ. ನನಗೆ ಈ ಹೆಸರಿನ ಮೇಲೇ ತಕರಾರು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುತ್ತಾರಲ್ಲ, ಈ ಸೈಲೆನ್ಸರು ಆ ಭಟ್ಟರ ವಂಶದ್ದೇ. ಹಾಕಿದ ಮೊದಲ ದಿನ ಸ್ಟಾರ್ಟ್ ಮಾಡಿದಾಗ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು, ಎದುರುಮನೆಯ ಮಗು ಅತ್ತಿತು, ಅಕ್ಕ ಒಳಗಿನಿಂದ "ಗ್ಯಾಸ್ ಆಫ್ ಮಾಡ್ರೋ" ಅಂತ ಕೂಗಿಕೊಂಡು ಬಂದಳು.

"ಎರಡು ಕೆ.ಜಿ. ಕಡಿಮೆಯಾಯ್ತು ಮಾವ, ಗಾಡಿ ಹಗುರಾಯ್ತು" ಅಂದ. ಅದೇ ಮೂರು ತಿಂಗಳಲ್ಲಿ ಅವನು ನಾಲ್ಕು ಕೆ.ಜಿ. ಏರಿದ್ದ. ಲೆಕ್ಕ ಹೇಳಲು ಹೋಗಲಿಲ್ಲ.

ಗಾಡಿಯ ಹಳೆ ಸೈಲೆನ್ಸರನ್ನು ಮೂಲೆಗೆ ಎಸೆದಿದ್ದ, ಅದರ ಜೊತೆಗೆ ಇನ್ನೊಂದು ಸಾಮಾನೂ ಹೋಗಿತ್ತು. ಪೈಪಿನ ಮೈಮೇಲೆ ಸವಾರನ ಕಾಲಿಗೆ ಎದುರಾಗಿ ಒಂದು ಬಾಗಿದ ತಗಡು ಇರುತ್ತದೆ, ನೋಡಿರುತ್ತೀರಿ. ಇಂಗ್ಲಿಷಿನಲ್ಲಿ ಹೀಟ್ ಶೀಲ್ಡ್, ಗ್ಯಾರೇಜಿನಲ್ಲಿ ಗಾರ್ಡು. ಕಂಪನಿಯವರು ಅದನ್ನು ಕೂರಿಸಲಿಕ್ಕೆ ಪೈಪಿಗೇ ಸಣ್ಣ ಕಿವಿಗಳನ್ನು ಬೆಸೆದು ಕಳಿಸಿರುತ್ತಾರೆ. ಹೊಸ ಪೈಪಿಗೆ ಕಿವಿಯೂ ಇಲ್ಲ, ತಗಡೂ ಇಲ್ಲ. ಬೋಳು ಸ್ಟೀಲು, ಕನ್ನಡಿಯ ಹಾಗೆ ಫಳಫಳ. ರಸ್ತೆಯ ಬೈಕುಗಳಲ್ಲಿ ಪೈಪು ಕೆಳಗೆ ತೆವಳಿಕೊಂಡು ಹೋಗುತ್ತದೆ. ಮಣ್ಣಿನ ಗಾಡಿಗಳಲ್ಲಿ ಕಲ್ಲು ಬಡಿಯಬಾರದು, ಹಳ್ಳ ದಾಟುವಾಗ ನೀರು ನುಗ್ಗಬಾರದು ಅಂತ ಎತ್ತಿ ಕಟ್ಟಿರುತ್ತಾರೆ. ಎತ್ತಿ ಕಟ್ಟಿದ್ದು ಎಲ್ಲಿಗೆ ಬರುತ್ತದೆ? ಸರಿಯಾಗಿ ಹಿಂದೆ ಕೂತವನ ಬಲಗಾಲಿನ ಮೀನಖಂಡಕ್ಕೆ.

ಹಿಂದೆ ಕೂತವನು ನಾನು.

ಹಾಕಿದ್ದು ಟೆರಿಕಾಟ್ ಪ್ಯಾಂಟು. ನನ್ನ ವಯಸ್ಸಿನವರಿಗೆ ಇಸ್ತ್ರಿ ಕೆಡದ ಪ್ಯಾಂಟೆಂದರೆ ಪ್ರಾಣ. ಆದರೆ ಟೆರಿಕಾಟಿನಲ್ಲಿ ಅರ್ಧಕ್ಕರ್ಧ ಪಾಲಿಯೆಸ್ಟರು, ಅದು 250 ಡಿಗ್ರಿಯ ಸುಮಾರಿಗೆ ಕರಗುತ್ತದೆ. ನಾಲ್ಕೈದು ಕಿಲೋಮೀಟರು ಓಡಿದ ಪೈಪಿಗೆ ಅದೊಂದು ಲೆಕ್ಕವೇ ಅಲ್ಲ. ರೈಲ್ವೇ ಗೇಟಿನ ಹತ್ತಿರ ಗಾಡಿ ನಿಂತಿತು. ಓಡುತ್ತಿರುವಷ್ಟು ಹೊತ್ತು ಗಾಳಿ ಬೀಸಿ ಹೇಗೋ ಕಾಪಾಡುತ್ತಿರುತ್ತದೆ, ನಿಂತಾಗಲೇ ಗ್ರಹಚಾರ. ಯಾವುದೋ ವಾಸನೆ ಬಂತು. ಪಕ್ಕದ ಲಾರಿಯದ್ದಿರಬೇಕು ಅಂದುಕೊಂಡೆ. ಆಮೇಲೆ ತಿಳಿಯಿತು, ಸುಡುತ್ತಿರುವವನು ನಾನೇ. ಕಾಲು ಕಿತ್ತುಕೊಂಡೆ, ಪ್ಯಾಂಟಿನ ಒಂದು ತುಂಡು ಅಲ್ಲೇ ಅಂಟಿಕೊಂಡಿತು. ಅಳಿಯ ತಿರುಗಿ ನೋಡಿದ. ನನ್ನ ಕಾಲನ್ನಲ್ಲ, ಪೈಪನ್ನು. "ಅಯ್ಯೋ ಮಾವ, ಕಲೆ ಆಯ್ತಲ್ಲ!"

60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, 70 ಡಿಗ್ರಿಗೆ ಒಂದೇ ಸೆಕೆಂಡು ಸಾಕು. ಪೈಪಿನ ಲೆಕ್ಕವೋ ನೂರುಗಳಲ್ಲಿ. ಕಾವಿಗೆ ಪೈಪು ತಿರುಗುವ ಬಣ್ಣವನ್ನು ನೋಡಿ ಅಳಿಯ ಮರುಳಾಗಿದ್ದ ಬೇರೆ. ಎಂಜಿನ್ನಿಗೆ ಹತ್ತಿರದಲ್ಲಿ ಪೈಪು ಮೊದಲು ಎಳೆ ಹಳದಿ, ಆಮೇಲೆ ನೇರಳೆ, ಆಮೇಲೆ ನವಿಲುಗರಿಯ ನೀಲಿ ಆಗುತ್ತಾ ಬರುತ್ತದೆ. ದಿನಕ್ಕೊಂದು ಫೋಟೋ ತೆಗೆಯುತ್ತಿದ್ದ. ಸ್ಟೇನ್‌ಲೆಸ್ ಸ್ಟೀಲಿಗೆ ಹಳದಿ ಬಂತೆಂದರೆ 300 ಡಿಗ್ರಿ ಮುಟ್ಟಿದೆ, ನೀಲಿ ಬಂತೆಂದರೆ 500 ದಾಟಿದೆ ಅಂತ ಅರ್ಥ. ಅದು ಅಲಂಕಾರವಲ್ಲ, ಜ್ವರದ ಚೀಟಿ.

ಮನೆಗೆ ಕುಂಟಿಕೊಂಡು ಬಂದರೆ ವೈದ್ಯರೇ ವೈದ್ಯರು. ಒಬ್ಬರು ಟೂತ್‌ಪೇಸ್ಟ್ ಅಂದರು, ಒಬ್ಬರು ಶಾಯಿ, ಒಬ್ಬರು ಜೇನುತುಪ್ಪ. ಭಾವನವರು ದೋಸೆಹಿಟ್ಟು ಅಂದಾಗ, ಈಗಾಗಲೇ ಅರ್ಧ ಬೆಂದಿದ್ದೇನೆ, ಚಟ್ನಿಯೂ ಹಚ್ಚಿಬಿಡಿ ಅಂದೆ. ಅಕ್ಕ ಯಾರ ಮಾತನ್ನೂ ಕೇಳದೆ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನಲ್ಲಿ ಬಿಟ್ಟು ಕಾಲು ಹಿಡಿಸಿದಳು. ಇಪ್ಪತ್ತು ನಿಮಿಷ ತಣ್ಣೀರು. ಡಾಕ್ಟರೂ ಆಮೇಲೆ ಅದನ್ನೇ ಹೇಳಿದರು: ನೀರು ಬಿಟ್ಟು ಇನ್ನೇನು ಹಚ್ಚಿದ್ದರೂ ಕೆರೆದು ತೆಗೆಯುವ ಕೆಲಸ ನನಗೆ ಬರುತ್ತಿತ್ತು ಅಂತ. ಆಷಾಢ ಏಕಾದಶಿಯ ದಿನ ಮಠಕ್ಕೆ ಹೋಗಿ ತೋಳಿಗೆ ತಪ್ತಮುದ್ರೆ ಹಾಕಿಸಿಕೊಂಡು ಬರುವವರಿದ್ದಾರೆ. ಸ್ವಾಮಿಗಳ ಕೈಯಿಂದ, ಶಂಖ ಚಕ್ರಗಳ ಗುರುತು. ನನಗೆ ಅಳಿಯನ ಕೈಯಿಂದ, ಮೀನಖಂಡಕ್ಕೆ, ಯಾವ ಗುರುತೂ ಇಲ್ಲದ ಒಂದು ಮುದ್ರೆ. ಪುಣ್ಯ ಬಂದಂತೆ ಕಾಣಲಿಲ್ಲ.

ಇದು ನನ್ನ ಮೊದಲ ಬರೆಯಂತೂ ಅಲ್ಲ. ನಾವು ಮೈಸೂರಿನವರು, ಯಾದವಗಿರಿಯ ಜಾವಾ ಕಾರ್ಖಾನೆಯ ಸೈರನ್ ಕೇಳಿಕೊಂಡು ಬೆಳೆದವರು. ಕಾಲೇಜಿಗೆ ಹೋಗುವಾಗ ನನ್ನ ಹತ್ತಿರ ಒಂದು ಹಳೆ ಯೆಜ್ಡಿ ಇತ್ತು. ಅದರ ವೈಭವ ಏನೆಂದರೆ ಸಿಲಿಂಡರು ಒಂದೇ, ಸೈಲೆನ್ಸರು ಮಾತ್ರ ಎರಡು, ಎಡಕ್ಕೊಂದು ಬಲಕ್ಕೊಂದು. ಯಾವ ಕಡೆಯಿಂದ ಇಳಿದರೂ ಆಶೀರ್ವಾದ ಖಚಿತ. 1996ರಲ್ಲಿ ಕಾರ್ಖಾನೆ ಮುಚ್ಚಿತು, ನನ್ನ ಎಡಗಾಲಿನ ಕಲೆ ಇನ್ನೂ ಮುಚ್ಚಿಲ್ಲ. ಈಗ ಬಲಗಾಲಿಗೂ ಜೋಡಿ ಸಿಕ್ಕಿತು ಅಂತ ಸಮಾಧಾನಪಟ್ಟುಕೊಳ್ಳಬಹುದು.

ಅಳಿಯನಿಗೆ ಪಶ್ಚಾತ್ತಾಪವಾಯಿತೋ ಇಲ್ಲವೋ ತಿಳಿಯದು, ಮುಂದಿನ ವಾರ ಅವನ ಕಾಲಿಗೇ ಬಿತ್ತು. ಚಡ್ಡಿ ಹಾಕಿಕೊಂಡು ಹಾಲು ತರಲು ಹೋಗಿದ್ದ. ಆಗ ಶುರುವಾಯಿತು ಗಾರ್ಡಿನ ಚಿಂತೆ.

ಕಾರ್ಬನ್ ಫೈಬರಿನದು ಸಿಗುತ್ತದೆ, ಐದಾರು ಸಾವಿರ. ಪೈಪಿಗೆ ಕಣ್ಣುಮುಚ್ಚಿ ದುಡ್ಡು ಸುರಿದವನಿಗೆ ತಗಡಿನ ವಿಷಯ ಬಂದಾಗ ಇದ್ದಕ್ಕಿದ್ದಂತೆ ಮಿತವ್ಯಯ ಜ್ಞಾಪಕಕ್ಕೆ ಬಂತು. ಈ ವಿಚಿತ್ರ ನಾನು ಎಲ್ಲ ಬೈಕಿನ ಹುಡುಗರಲ್ಲೂ ನೋಡಿದ್ದೇನೆ. ಸದ್ದಿಗೆ ಸಾಲ ಮಾಡುತ್ತಾರೆ, ಕಾಲಿಗೆ ಕಾಸು ಬಿಚ್ಚುವುದಿಲ್ಲ. ತಗಡು ವೇಗ ಹೆಚ್ಚಿಸುವುದಿಲ್ಲ, ಸದ್ದು ಮಾಡುವುದಿಲ್ಲ, ಫೋಟೋದಲ್ಲಿ ಆ ನೀಲಿ ಬಣ್ಣವನ್ನೇ ಮುಚ್ಚಿಬಿಡುತ್ತದೆ. ಮತ್ತೆ ಯಾತಕ್ಕೆ ಬೇಕು? ನಾನೇ ಮಾಡ್ತೀನಿ ಅಂದ.

ಮಾಡಿದ. ಅಡುಗೆ ಎಣ್ಣೆಯ ಹಳೆ ಡಬ್ಬಿ ಕತ್ತರಿಸಿ, ಪೈಪಿಗೆ ಒತ್ತಿ ಸುತ್ತಿ, ಕಟ್ಟುತಂತಿಯಿಂದ ಬಿಗಿದ. ನೋಡಲು ಮುರಿದ ಕೈಗೆ ಪುತ್ತೂರು ಕಟ್ಟು ಹಾಕಿದ ಹಾಗಿತ್ತು. ಎರಡು ನಿಮಿಷ ಓಡಿಸಿದ ಮೇಲೆ ಮುಟ್ಟಿದರೆ ತಗಡೂ ಪೈಪಿನಷ್ಟೇ ಸುಡುತ್ತಿದೆ! ಜೊತೆಗೆ ಡಬ್ಬಿಯ ಮೇಲಿನ ತವರ 232 ಡಿಗ್ರಿಗೇ ಕರಗುವಂಥದ್ದು, ಅದು ಬೆವರಿನ ಹಾಗೆ ಹನಿಗಟ್ಟಿತು; ಡಬ್ಬಿಯ ಮೇಲಿದ್ದ ಸೂರ್ಯಕಾಂತಿ ಹೂವಿನ ಬಣ್ಣ ಹೊಗೆಯಾಯಿತು. ಸರಿ, ನಡುವೆ ಏನಾದರೂ ಇಡಬೇಕು ಅಂತ ಸೈಕಲ್ ಟ್ಯೂಬಿನ ತುಂಡುಗಳನ್ನು ವಾಷರ್ ಮಾಡಿ ಇಟ್ಟ. ರಬ್ಬರು ಸುಟ್ಟ ವಾಸನೆಗೆ ಈ ಸಲ ಬೀದಿಯ ನಾಯಿಗಳು ಏಳಲಿಲ್ಲ, ಎದ್ದು ಹೋದವು. ಆಮೇಲೆ ಯಾರೋ ಹೇಳಿದರು ಅಂತ ಪೈಪಿಗೇ ಗಾಜುನಾರಿನ ಪಟ್ಟಿ ಸುತ್ತಿದ. ಕಾವು ಕಡಿಮೆಯಾಯಿತು, ನಿಜ. ಆದರೆ ಮಲೆನಾಡಿನ ಮಳೆಯಲ್ಲಿ ಎರಡು ದಿನ ಸುತ್ತಿ ಬಂದ ಮೇಲೆ ಆ ಪಟ್ಟಿ ನೀರು ಕುಡಿದ ಗೋಣಿಚೀಲವಾಗಿತ್ತು. ಒದ್ದೆ ಪಟ್ಟಿಯ ಕೆಳಗೆ ತುಕ್ಕು ಗುಟ್ಟಾಗಿ ಕೂತು ತಿನ್ನುತ್ತದೆ, ಹೊರಗೆ ಕಾಣುವುದಿಲ್ಲ.

ಕೊನೆಗೆ ಭಾಯ್ ಹತ್ತಿರ ಹೋದೆವು. ಭಾಯ್ ಅಂದರೆ ನನ್ನ ಯೆಜ್ಡಿ ಕಾಲದಿಂದ ನನಗೆ ಗೊತ್ತಿರುವ ಮೆಕ್ಯಾನಿಕ್ಕು. ಮಾತು ಕಡಿಮೆ, ಪಾನಾ ಜಾಸ್ತಿ. ಗಾಡಿಯನ್ನು ಒಂದು ಸುತ್ತು ಹಾಕಿದರು. ಪೈಪಿನ ಮೇಲೆ ಅಂಟಿದ್ದ ನನ್ನ ಪ್ಯಾಂಟನ್ನು ನೋಡಿದರು. ನನ್ನ ಮುಖ ನೋಡಿದರು. "ನಿಮ್ಮದಾ ಸಾರ್?" ಅಂದರು. ಹೌದು ಅಂದೆ.

"ತಮ್ಮಾ, ಇದಕ್ಕೆ ತೂತು ಹೊಡೆದು ರಿವೆಟ್ ಹಾಕ್ಬಿಡೋಣ್ವಾ?" ಅಂತ ಅಳಿಯನನ್ನು ಪರೀಕ್ಷೆ ಮಾಡಿದರು. ಇವನು ಹೂಂ ಅಂದ. ಭಾಯ್ ತಲೆ ಚಚ್ಚಿಕೊಂಡರು. ಎಂಜಿನ್ನಿನಿಂದ ಬಾಗಿ ಬರುವ ಬೆಂಡ್ ಪೈಪಿಗೆ ತೂತು ಹೊಡೆದರೆ ಹೊಗೆ ಹೊರಗೆ ಬರುವುದಷ್ಟೇ ಅಲ್ಲ, ಹೊರಗಿನ ಗಾಳಿಯೂ ಒಳಗೆ ನುಗ್ಗುತ್ತದೆ. ಅಲ್ಲಿ ಕೂತಿರುವ ಆಕ್ಸಿಜನ್ ಸೆನ್ಸರು, ಓಹೋ ಗಾಳಿ ಜಾಸ್ತಿಯಾಯಿತು, ಪೆಟ್ರೋಲು ಸಾಲುತ್ತಿಲ್ಲ ಅಂತ ಸುಳ್ಳು ವರದಿ ಕೊಡುತ್ತದೆ. ಎಂಜಿನ್ನು ಅದನ್ನು ನಂಬಿ ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಕಿವಿ ಬೇಕಾದರೆ ಆರ್ಗಾನ್ ವೆಲ್ಡಿಂಗ್ ಮಾಡಿಸಬೇಕು, ಬೇಡವಾದರೆ ಕ್ಲಿಪ್ಪು. ಮನೆಯಲ್ಲಿ ಗ್ಯಾಸಿನ ಪೈಪಿಗೆ ಹಾಕುತ್ತಾರಲ್ಲ, ತಿರುಪು ತಿರುಗಿಸಿದರೆ ಬಿಗಿಯಾಗುವ ಸ್ಟೀಲಿನ ಪಟ್ಟಿ, ಅದರ ಅಣ್ಣ.

"ತಗಡು ಬಿಸಿ ತಡೆಯಲ್ಲ ಸಾರ್. ನಡುವಿನ ಜಾಗ ತಡೆಯುತ್ತೆ" ಅಂದು ಭಾಯ್ ತೋರುಬೆರಳನ್ನು ಪೈಪಿನ ಪಕ್ಕ ಅಡ್ಡ ಹಿಡಿದು ತೋರಿಸಿದರು. "ಒಂದು ಬೆರಳು ಜಾಗ. ಅಷ್ಟು ಬಿಟ್ಟು ತಗಡು ನಿಲ್ಲಿಸ್ಬೇಕು."

ನನಗೆ ಆಗ ಹೊಳೆದದ್ದು ಅಕ್ಕನ ಅಡುಗೆಮನೆ. ನಮ್ಮಜ್ಜಿ ಬಿಸಿ ಪಾತ್ರೆಯನ್ನು ನೆಲಕ್ಕೆ ಇಳಿಸುತ್ತಿದ್ದದ್ದು ಸಿಂಬೆಯ ಮೇಲೆ. ಹುಲ್ಲಿನದೋ ಬಟ್ಟೆಯದೋ ಬಳೆ. ಪಾತ್ರೆ ನೆಲಕ್ಕೆ ತಾಗದ ಹಾಗೆ ಗಾಳಿಯಲ್ಲಿ ನಿಲ್ಲಿಸುವ ಉಪಾಯ. ಒಲೆಯಿಂದ ಹಂಡೆ ಎತ್ತುವಾಗ ಮಸಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡುವುದೂ ಬಟ್ಟೆಯ ಆಸೆಗಲ್ಲ, ಮಡಿಕೆಗಳ ಸಂದಿಯಲ್ಲಿ ಕೂತ ಗಾಳಿಯ ಆಸೆಗೆ. ಅದೇ ಬಟ್ಟೆ ಒದ್ದೆಯಾಗಿದ್ದರೆ ಕೈ ಚುರುಕ್ ಅನ್ನುವುದು ಮದುವೆಯಾದ ಮೊದಲ ವಾರದಲ್ಲೇ ಎಲ್ಲರೂ ಕಲಿಯುವ ಪಾಠ. ನಮ್ಮ ಹುಡುಗ ಆ ಪಾಠಕ್ಕೆ ಗಾಜುನಾರಿನ ಪಟ್ಟಿ ಕೊಂಡು, ಆಗುಂಬೆಯ ತನಕ ಹೋಗಿ ನೆನೆದು ಬಂದ. ಕಾವಿನ ವಿಷಯದಲ್ಲಿ ಈ ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಪ್ರಯೋಗ ನಡೆಯುತ್ತಿದೆ. ಗಾಡಿ ನಿಲ್ಲಿಸುವ ಜಾಗದಿಂದ ಅಡುಗೆಮನೆಗೆ ಹತ್ತು ಹೆಜ್ಜೆ. ಕೇಳಿದ್ದರೆ ಅಕ್ಕ ಹೇಳುತ್ತಿದ್ದಳು. ಕೇಳಲಿಲ್ಲ. ನಾನೂ ಕೇಳಲಿಲ್ಲ, ನೋಡಿ.

ತಗಡು ಯಾವುದು ಹಾಕುವುದು ಅಂತ ಚರ್ಚೆ ಬಂತು. ಕಾರ್ಬನ್ ಫೈಬರಿನ ದಾರ ಬೆಂಕಿಗೆ ಬಗ್ಗುವುದಿಲ್ಲ, ಅದನ್ನು ಅಂಟಿಸಿರುವ ಗೋಂದು ಬಗ್ಗುತ್ತದೆ. ಅಗ್ಗದ್ದು ತಂದರೆ ವರ್ಷದೊಳಗೆ ಹಳದಿಯಾಗಿ ಪದರ ಬಿಡುತ್ತದೆ. ಜಿಂಕ್ ತಗಡು ಬೇಡವೇ ಬೇಡ ಅಂದರು ಭಾಯ್, ಕಾದರೆ ಅದರ ಹೊಗೆ ಒಳ್ಳೆಯದಲ್ಲ. ಅಲ್ಯೂಮಿನಿಯಂ ಆಗುತ್ತದೆ. ಸ್ಟೇನ್‌ಲೆಸ್ ಸ್ಟೀಲಾದರೆ ಇನ್ನೂ ಒಳ್ಳೆಯದು, ಅದೂ ತೂತುತೂತಾಗಿದ್ದರೆ ಗಾಳಿ ಆಡುತ್ತದೆ, ಹಗುರ.

ನಾನು ತೆಪ್ಪಗಿರಬೇಕಾಗಿತ್ತು. ಓದಿದ್ದು ಬಾಯಿಗೆ ಬಂತು. 1960ರ ದಶಕದಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿಯವರು ಅಮೆರಿಕದ ಮರುಭೂಮಿಯಲ್ಲಿ ಗಾಡಿ ಕುಣಿಸುವವರಿಗೆ ಅಂತ ಎರಡೂ ಪೈಪುಗಳನ್ನು ಎಡಗಡೆಗೇ ಎತ್ತಿ ಕಟ್ಟಿ ಬೈಕು ಮಾಡಿದರು. ನಮ್ಮ ಸೀರೆಯ ಹೆಂಗಸರು ಕಾಲು ಇಳಿಬಿಡುವ ಕಡೆ ಅದು. ಆ ಗಾಡಿ ನಮ್ಮ ಮದುವೆ ಮನೆಗಳ ಕಡೆಗೆ ಬರದೇ ಇದ್ದದ್ದು ದೊಡ್ಡ ಪುಣ್ಯ. ಅದರ ಮೇಲೆ ಕಾಲು ಸುಡದಂತೆ ಸರಳಿನ ಜಾಲರಿ ಹಾಕಿದ್ದರು. ಅಲ್ಲಿಯವರು ಅದನ್ನು ಚಿಪ್ಸ್ ಕರಿಯುವ ಬುಟ್ಟಿ ಅಂತ ತಮಾಷೆ ಮಾಡುತ್ತಿದ್ದರು. ಈ ಕಥೆ ಹೇಳಿ ಮುಗಿಸುವಷ್ಟರಲ್ಲಿ ಅಳಿಯನ ಕಣ್ಣಲ್ಲಿ ಬೇರೆಯೇ ಬೆಳಕು. "ಮಾವ, ನಮ್ಮನೇಲಿ ಚಿಪ್ಸ್ ಬುಟ್ಟಿ ಇಲ್ಲ. ಆದ್ರೆ..." ಅಂದ.

ಆ ಆದರೆಯ ಮುಂದಿನದನ್ನು ನೀವು ಬಲ್ಲಿರಿ. ಶನಿವಾರ ಅಕ್ಕ ಸಂಜೆ ಭಜನೆಗೆ ಹೋಗಿದ್ದಾಗ ಕೆಲಸ ಮುಗಿಯಿತು. ಭಾಯ್ ಜರಡಿಯ ಅಂಚು ಬಿಡಿಸಿ, ಅರ್ಧ ಕೊಳವೆಯಂತೆ ಬಗ್ಗಿಸಿ, ಮೂಲೆಗಳನ್ನು ಅರದಿಂದ ತಿಕ್ಕಿದರು. ನಾನು ಟೇಪು ಹಿಡಿದೆ. ಕ್ಲಿಪ್ಪು ಪೈಪನ್ನು ಅಪ್ಪಿದಲ್ಲಿ ಗಾಜುನಾರಿನ ಪಟ್ಟಿಯ ಸಣ್ಣ ತುಂಡು, ಅದರ ಮೇಲೆ ಒಂದು ಬೆರಳೆತ್ತರದ ಸ್ಟೀಲಿನ ಬುಷ್ಷು, ಅದರ ಮೇಲೆ ಜರಡಿ. ತಿರುಪಿನ ತಲೆ ಒಳಮೈಗೆ, ಇಲ್ಲದಿದ್ದರೆ ಪ್ಯಾಂಟು ಸಿಕ್ಕಿಕೊಳ್ಳುತ್ತದೆ. ನನ್ನ ಪ್ಯಾಂಟಿನ ವಿಷಯದಲ್ಲಿ ಭಾಯ್‌ಗೆ ಅದೇನೋ ಕಾಳಜಿ ಬಂದುಬಿಟ್ಟಿತ್ತು.

ತಿರುಪಿಗೆಂದು ಜರಡಿಗೆ ಕೊರೆದದ್ದರಲ್ಲಿ ಹಿಂದಿನ ತುದಿಯ ತೂತು ಮಾತ್ರ ದುಂಡಗಿರಲಿಲ್ಲ, ಅವರೆಕಾಳಿನ ಹಾಗೆ ಉದ್ದಕ್ಕಿತ್ತು. ಭಾಯ್ ಕೈ ತಪ್ಪಿರಬೇಕು ಅಂದುಕೊಂಡು ಅಳಿಯ ಮೂಗು ಮುರಿದ. ಒಂದೂವರೆ ಅಡಿ ಸ್ಟೀಲು ಪೈಪು 400 ಡಿಗ್ರಿ ಕಾದರೆ 3 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಗಾರ್ಡು ಅಷ್ಟು ಕಾಯುವುದಿಲ್ಲ, ಅಷ್ಟು ಬೆಳೆಯುವುದೂ ಇಲ್ಲ. ಎರಡು ತುದಿಯನ್ನೂ ಬಿಗಿದು ಕಟ್ಟಿದರೆ ಎಳೆದಾಟದಲ್ಲಿ ಒಂದು ಮುರಿಯುತ್ತದೆ. ಮುಂದೆ ಬಿಗಿ, ಹಿಂದೆ ಜಾರಲಿಕ್ಕೆ ಸ್ವಲ್ಪ ಸಡಿಲ. ಭಾಯ್ ಇಷ್ಟೆಲ್ಲ ಹೇಳಲಿಲ್ಲ. "ಕಾದಾಗ ಎಲ್ಲರೂ ಸ್ವಲ್ಪ ಉಬ್ಬುತ್ತಾರೆ, ತಮ್ಮಾ" ಅಂದರು, ಅಷ್ಟೇ. ಲೆಕ್ಕ ನಾನು ಮನೆಗೆ ಬಂದು ಹಾಕಿದ್ದು.

ಮೊದಲ ಸಲ ಓಡಿಸಿದಾಗ ಭಯಂಕರ ಸದ್ದು. ಪೈಪಿನದ್ದಲ್ಲ, ಜರಡಿಯದ್ದು. ಸಿಂಹಗರ್ಜನೆಗೆ ದುಡ್ಡು ಕೊಟ್ಟವನ ಗಾಡಿ ಸಂತೆಗೆ ಹೊರಟ ಪಾತ್ರೆ ಗಾಡಿಯ ಹಾಗೆ ಕಟಕಟ ಅನ್ನತೊಡಗಿತು. ಬಿಸಿಯಾದ ಮೇಲೆ ಇನ್ನೊಂದು ಸುತ್ತು ಕ್ಲಿಪ್ಪು ಬಿಗಿಯಬೇಕಂತೆ. ಬಿಗಿದ ಮೇಲೆ ಸರಿಹೋಯಿತು. ಆದರೆ ಆ ಕಟಕಟ ಕೇಳಿದಾಗ ಅವನ ಮುಖ ನೋಡಬೇಕಿತ್ತು, ನನ್ನ ಮೀನಖಂಡಕ್ಕೆ ಅದೇ ದೊಡ್ಡ ಮುಲಾಮು.

ಇನ್ನು ಪೊಲೀಸರ ವಿಷಯ. ನಮ್ಮ ಊರುಗಳಲ್ಲಿ ಇಂಥ ಸೈಲೆನ್ಸರುಗಳನ್ನು ಕಿತ್ತು, ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ರೋಡ್ ರೋಲರ್ ಹತ್ತಿಸಿ ಹಪ್ಪಳ ಮಾಡುತ್ತಾರೆ. ಆ ದೃಶ್ಯ ನೋಡಿದಾಗೆಲ್ಲ ನನಗೆ ಗುಟ್ಟಾಗಿ ಸಂತೋಷ. 1989ರ ಮೋಟಾರು ವಾಹನ ನಿಯಮಾವಳಿಯ 120ನೇ ನಿಯಮ ಪ್ರತಿ ಗಾಡಿಗೂ ಸದ್ದು ತಗ್ಗಿಸುವ ಸೈಲೆನ್ಸರು ಇರಲೇಬೇಕು ಅನ್ನುತ್ತದೆ. 123ನೇ ನಿಯಮ ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕು, ಬಟ್ಟೆ ಸಿಕ್ಕಿಕೊಳ್ಳಬಾರದು ಅನ್ನುತ್ತದೆ. ಸೀರೆಗೆ ಕಾನೂನಿದೆ, ಟೆರಿಕಾಟಿಗಿಲ್ಲ. "ನಾಲೆ ಏರಿ ಮೇಲೆ ಮಾತ್ರ ಹಾಕ್ತೀನಿ ಮಾವ, ಊರೊಳಗೆ ಹಳೇದೇ" ಅಂತ ಅಳಿಯ ಪ್ರಮಾಣ ಮಾಡಿದ್ದಾನೆ. ಹಾಲು ತರಲು ಹೋಗಿ ಸುಟ್ಟುಕೊಂಡ ದಿನ ಹಾಲಿನ ಬೂತು ನಾಲೆಯ ಏರಿ ಮೇಲಿತ್ತೋ ಏನೋ.

ಫೋನಿನಲ್ಲಿ ಅಕ್ಕನ ಪಟ್ಟಿ ಇನ್ನೂ ಮುಗಿದಿರಲಿಲ್ಲ. ಕೆಲಸದವಳ ಹೆಸರು ಎರಡನೇ ಸಲ ಬಂದಾಗ ನನಗೆ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಆ ಕಡೆ ಮೌನ. ಆಮೇಲೆ "ಬಾ ಇಲ್ಲಿ" ಅಂತ ಎರಡೇ ಮಾತು.

ನಾನು ಹೋಗುವ ಹೊತ್ತಿಗೆ ಅಳಿಯ ನಾಲೆಯಿಂದ ಬಂದು ಗಾಡಿ ನಿಲ್ಲಿಸಿ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಬೈಯಲಿಲ್ಲ. ಒಳಗಿನಿಂದ ಒಂದು ಲೋಟ ನೀರು ತಂದಳು. ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಜರಡಿಯ ಹತ್ತಿರ ಅಂಗೈ ಹಿಡಿದಳು, ತಾಗಿಸಲಿಲ್ಲ. ಆಮೇಲೆ ಬೆರಳು ಅದ್ದಿ ದೋಸೆ ಕಾವಲಿಗೆ ಎರಚುವ ಹಾಗೆ ನಾಲ್ಕು ಹನಿ ಎರಚಿದಳು. ಹನಿಗಳು ಜರಡಿಯ ಮೇಲೆ ಸುಮ್ಮನೆ ಜಾರಿದವು. ತೂತುಗಳಲ್ಲಿ ಇಳಿದು ಪೈಪಿಗೆ ಬಿದ್ದದ್ದೇ ತಡ, ಚುಂಯ್ ಅಂದು ಮುತ್ತಿನ ಹಾಗೆ ಕುಣಿದು ಮಾಯವಾದವು.

"ಜರಡಿ ಪರವಾಗಿಲ್ಲ, ಕೈ ಸುಡಲ್ಲ" ಅಂದಳು. "ಕಾವಲಿ ಮಾತ್ರ ಜಾಸ್ತಿ ಕಾದಿದೆ ಕಣೋ. ಉರಿ ಸಣ್ಣ ಮಾಡು, ದೋಸೆ ಸೀದುಹೋಗುತ್ತೆ."

ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗಡೆಯಿಂದ ಗಾಡಿ ಹತ್ತಿ ಅಡ್ಡ ಕೂತಳು. "ನಡಿ ಮಾರ್ಕೆಟ್ಟಿಗೆ. ಹೊಸ ಜರಡಿ ತರೋಣ. ದುಡ್ಡು ನಿಮ್ಮ ಮಾವ ಕೊಡ್ತಾನೆ."